ಪಿಕಪ್ ರೀಕಾಲ್ ಮತ್ತು ಗೇರ್ ತೊಂದರೆ: ಕೊಡಗಿನ ಮಾಲೀಕರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ನಸುಕಿನಲ್ಲೇ ಮನೆ ಬಿಟ್ಟು ಮೈಸೂರು ತಲುಪಿ, ಸಂಜೆಯವರೆಗೆ ಸರ್ವೀಸ್ ಸೆಂಟರಿನಲ್ಲಿ ಕಾದು, ಕೊನೆಗೆ 'ಪರಿಶೀಲಿಸಲಾಗಿದೆ, ತೊಂದರೆ ಕಂಡುಬಂದಿಲ್ಲ' ಎಂದು ಬರೆದ ಜಾಬ್ ಕಾರ್ಡ್ (ದೂರು, ಮಾಡಿದ ಕೆಲಸ ಬರೆದುಕೊಡುವ ಚೀಟಿ) ಹಿಡಿದು ವಾಪಸ್ ಬರುವ ಪಿಕಪ್ ಮಾಲೀಕರನ್ನು ನಮ್ಮ ಸೋಮವಾರಪೇಟೆ ಕಡೆ ಬಹಳ ಜನರನ್ನು ನೋಡಿದ್ದೇನೆ. ಮರುದಿನ ಬೆಳಗ್ಗೆ ತೋಟದ ಏರಿನಲ್ಲಿ ಅದೇ ಸೆಕೆಂಡ್ ಗೇರ್ ಮತ್ತೆ ಕರ್ರ್ ಎನ್ನುತ್ತದೆ. ಒಂದು ದಿನದ ದುಡಿಮೆ, ಡೀಸೆಲ್, ಡ್ರೈವರ್ ಬತ್ತೆ ಎಲ್ಲ ಹೋಯಿತು.

ಹೀಗಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು, ರೀಕಾಲ್ ಕೆಲಸವನ್ನೂ (ದೋಷವಿದೆಯೆಂದು ಕಂಪನಿಯೇ ಗಾಡಿ ವಾಪಸ್ ಕರೆಸಿ ಸರಿಮಾಡುವುದು) ಗೇರಿನ ದೂರನ್ನೂ ಒಂದೇ ಎಂದುಕೊಂಡು ಹೋಗುವುದು. ಎರಡನೆಯದು, ಕೊಡಗಿನಲ್ಲಿ ಕಾಣುವ ತೊಂದರೆ ಮೈಸೂರಿನಲ್ಲಿ ಕಾಣದಿರುವುದು. ಮಡಿಕೇರಿ ಇರುವುದು ಸಮುದ್ರಮಟ್ಟದಿಂದ 1,100 ಮೀಟರಿಗೂ ಮೇಲೆ, ಮೈಸೂರು ಸುಮಾರು 760 ಮೀಟರಿನಲ್ಲಿ. ಚಳಿಗೆ ಗಟ್ಟಿಯಾಗಿದ್ದ ಗೇರ್ ಆಯಿಲ್ 120 ಕಿಲೋಮೀಟರ್ ಓಡುವಷ್ಟರಲ್ಲಿ ಕಾದು ತೆಳ್ಳಗಾಗಿರುತ್ತದೆ. ಗಾಡಿ ಖಾಲಿ, ರಸ್ತೆ ಸಪಾಟು. ಮೆಕ್ಯಾನಿಕ್ ಒಂದು ಸುತ್ತು ಹೊಡೆದು "ಚೆನ್ನಾಗೇ ಇದೆಯಲ್ಲ ಸರ್" ಎಂದರೆ ಅವನು ಸುಳ್ಳು ಹೇಳಿದ ಹಾಗಲ್ಲ. ಅವನಿಗೆ ತೊಂದರೆ ತೋರಿಸುವ ಕೆಲಸ ನಮ್ಮದು. ಅದನ್ನು ಯಾವ ಕ್ರಮದಲ್ಲಿ ಮಾಡಬೇಕು ಎನ್ನುವುದು ಕೆಳಗಿದೆ. ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಇರಬೇಕಾದ್ದು

ಆರ್‌ಸಿ, ಖರೀದಿ ಬಿಲ್, ಸರ್ವೀಸ್ ಪುಸ್ತಕ, ಹಿಂದಿನ ಎಲ್ಲ ಜಾಬ್ ಕಾರ್ಡ್‌ಗಳು. ಒಂದು ನೋಟ್ ಪುಸ್ತಕ. ವಿಡಿಯೊ ತೆಗೆಯುವ ಫೋನ್, ಅದನ್ನು ಹಿಡಿಯಲು ಇನ್ನೊಬ್ಬರು. ಟಾರ್ಚ್, ಬಿಳಿ ಹತ್ತಿ ಬಟ್ಟೆ, ಹಳೆ ರಟ್ಟಿನ ಡಬ್ಬದ ಒಂದು ಹಾಳೆ. ಚಕ್ರಕ್ಕೆ ಕೊಡಲು ಎರಡು ಮರದ ದಿಮ್ಮಿ. ಗೇರ್ ಆಯಿಲ್ ನೀವೇ ನೋಡುವುದಾದರೆ ಸರಿಯಾದ ಅಳತೆಯ ಸ್ಪ್ಯಾನರ್ ಅಥವಾ ಅಲೆನ್ ಕೀ.

ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡ್ ಓದುವ ಬ್ಲೂಟೂತ್ ಸ್ಕ್ಯಾನರ್ ಇದ್ದರೆ ಆಟೊಮ್ಯಾಟಿಕ್ ಗಾಡಿಯವರಿಗೆ ಅನುಕೂಲ. ಮ್ಯಾನುಯಲ್ ಗಾಡಿಯವರು ಅದಕ್ಕಾಗಿ ದುಡ್ಡು ಹಾಕಬೇಕಾಗಿಲ್ಲ.

## ಹಂತ 1: ಗಾಡಿ ಓಡಿಸಬಹುದೇ, ನಿಲ್ಲಿಸಬೇಕೇ?

ಮೊದಲು ಇದು ತೀರ್ಮಾನವಾಗಬೇಕು. ಸಂಪಾಜೆ ಘಾಟಿಯಲ್ಲೋ ಮಾಕುಟ್ಟದ ಇಳಿಜಾರಿನಲ್ಲೋ ಲೋಡ್ ಹಾಕಿಕೊಂಡು ಇಳಿಯುವಾಗ ಗೇರ್ ತಾನಾಗಿ ನ್ಯೂಟ್ರಲ್‌ಗೆ ಬಂದರೆ ಇಂಜಿನ್ನಿನ ಹಿಡಿತ ತಪ್ಪಿ ಪೂರಾ ಭಾರ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಹಿಡಿಯದೇ ಹೋದರೆ ಆಮೇಲೆ ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಕೆಳಗಿನವುಗಳಲ್ಲಿ ಒಂದು ಕಂಡರೂ ಗಾಡಿ ನಿಲ್ಲಿಸಿ, ಟೋಯಿಂಗ್ ಕರೆಸಿ:

- ಇಳಿಜಾರಿನಲ್ಲಿ ಗೇರ್ ಹಾರಿ ಬರುವುದು, ಒಂದೇ ಸಲ ಆಗಿದ್ದರೂ.
- ಕ್ಲಚ್ ಪೆಡಲ್ ತುಳಿದರೆ ಮೇಲೆ ಬಾರದೆ ನೆಲಕ್ಕೇ ಅಂಟಿಕೊಳ್ಳುವುದು.
- ಸುಟ್ಟ ವಾಸನೆಯ ಜೊತೆಗೆ, ಆಕ್ಸಿಲರೇಟರ್ ಕೊಟ್ಟರೆ ಇಂಜಿನ್ ಮಾತ್ರ ಕೂಗಿ ಗಾಡಿ ಮುಂದೆ ಹೋಗದಿರುವುದು.
- ಆಟೊಮ್ಯಾಟಿಕ್ ಗಾಡಿ 'ಪಿ'ಯಲ್ಲಿ ನಿಲ್ಲಿಸಿದರೂ ಉರುಳುವುದು, ಅಥವಾ ಓಡುತ್ತಿರುವಾಗ ತಾನಾಗಿ ಕೆಳಗಿನ ಗೇರಿಗೆ ಧಡ್ ಎಂದು ಇಳಿಯುವುದು.
- ಬ್ರೇಕ್ ಆಯಿಲ್ ಮಟ್ಟ ಇಳಿಯುವುದು. ಕೆಲವು ಗಾಡಿಗಳಲ್ಲಿ ಕ್ಲಚ್ಚಿಗೂ ಬ್ರೇಕಿಗೂ ಒಂದೇ ಡಬ್ಬ. ಕ್ಲಚ್ ಸಿಲಿಂಡರ್ ಸೋರಿದರೆ ಅದೇ ಡಬ್ಬ ಖಾಲಿಯಾಗುತ್ತದೆ.

ಇವು ಯಾವುವೂ ಇಲ್ಲ, ಗೇರ್ ಬಿಗಿ ಅಥವಾ ಶಬ್ದ ಮಾತ್ರ ಎಂದಾದರೆ ಖಾಲಿ ಗಾಡಿಯನ್ನು ನಿಧಾನಕ್ಕೆ ಓಡಿಸಬಹುದು. ಎಲ್ಲಿ ನಿಲ್ಲಿಸಿದರೂ ಹ್ಯಾಂಡ್ ಬ್ರೇಕ್ ಎಳೆದು ಚಕ್ರಕ್ಕೆ ದಿಮ್ಮಿ ಕೊಡಿ.

## ಹಂತ 2: ಚಾಸಿಸ್ ನಂಬರಿನಿಂದ ರೀಕಾಲ್ ನೋಡುವುದು

ರೀಕಾಲ್ ಬರುವುದು ಮಾಡೆಲ್ ಹೆಸರಿಗಲ್ಲ, ಚಾಸಿಸ್ ನಂಬರಿಗೆ. ಪಕ್ಕದ ಮನೆಯವರ ಗಾಡಿಗೆ ಬಂದಿದ್ದರೆ ನಿಮ್ಮದಕ್ಕೂ ಬರಬೇಕೆಂದಿಲ್ಲ, ಎರಡೂ ಒಂದೇ ವರ್ಷದ ಗಾಡಿಯಾದರೂ.

ಚಾಸಿಸ್ ನಂಬರಿನಲ್ಲಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದೇ ಇಲ್ಲ. ಹಾಗಾಗಿ ದುಂಡಗೆ ಕಂಡರೆ ಸೊನ್ನೆ, ನೆಟ್ಟಗೆ ಕಂಡರೆ ಒಂದು ಎಂದೇ ಬರೆದುಕೊಳ್ಳಿ. 'ನಂಬರ್ ಸಿಗುತ್ತಿಲ್ಲ' ಎಂದು ಬರುವ ಉತ್ತರಕ್ಕೆ ಹೆಚ್ಚಿನ ಸಲ ಈ ತಪ್ಪೇ ಕಾರಣ. ಆರ್‌ಸಿಯಲ್ಲಿರುವುದನ್ನೂ ಗಾಡಿಯ ಮೇಲೆ ಕೊರೆದಿರುವುದನ್ನೂ ಎರಡನ್ನೂ ನೋಡಿ. ಚಾಸಿಸ್ ಮೇಲಿನ ಕೆಸರನ್ನು ಬಟ್ಟೆಯಲ್ಲಿ ಒರೆಸಿ ಫೋಟೊ ತೆಗೆದಿಟ್ಟುಕೊಳ್ಳಿ.

ಆ ನಂಬರನ್ನು ಕಂಪನಿಯ ವೆಬ್‌ಸೈಟಿನ ರೀಕಾಲ್ ಪುಟದಲ್ಲಿ ಹಾಕಿ ನೋಡಿ. ಅಂಥ ಪುಟ ಇಲ್ಲದಿದ್ದರೆ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, "ಈ ಚಾಸಿಸ್ ನಂಬರಿಗೆ ಮುಗಿಯದ ರೀಕಾಲ್ ಅಥವಾ ಸರ್ವೀಸ್ ಕ್ಯಾಂಪೇನ್ ಇದೆಯೇ?" ಎಂದು ಕೇಳಿ. ಎರಡೂ ಪದ ಬಳಸಬೇಕು (ವ್ಯತ್ಯಾಸ ಮುಂದಿನ ಹಂತದಲ್ಲಿದೆ). 'ರೀಕಾಲ್' ಎಂದು ಮಾತ್ರ ಕೇಳಿದರೆ ಇಲ್ಲ ಎಂದುಬಿಡಬಹುದು. ಉತ್ತರವನ್ನು ಇ-ಮೇಲ್‌ನಲ್ಲಿ ಕೊಡಲು ಹೇಳಿ.

ಸೆಕೆಂಡ್ ಹ್ಯಾಂಡ್ ಗಾಡಿಯವರು ಇಲ್ಲಿ ಜಾಗ್ರತೆ. ಕಂಪನಿಯ ಕಾಗದ, ಮೆಸೇಜು ಹೋಗುವುದು ಅವರ ದಾಖಲೆಯಲ್ಲಿರುವ ಮಾಲೀಕನಿಗೆ. ನಮ್ಮಲ್ಲಿ ಎಷ್ಟೋ ಪಿಕಪ್‌ಗಳು ಹಾಸನ, ಮೈಸೂರು, ಕಣ್ಣೂರು ಕಡೆಯಿಂದ ಎರಡನೇ ಮೂರನೇ ಕೈಗೆ ಬಂದವು. ನನ್ನ ಗಾಡಿಗೆ ಬಂದಿದ್ದ ಕ್ಯಾಂಪೇನ್ ಮೆಸೇಜು ಹಳೇ ಮಾಲೀಕರ ಫೋನಿನಲ್ಲೇ ಏಳು ತಿಂಗಳು ಕುಳಿತಿತ್ತು. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29, 30 ಕೊಟ್ಟು ಆರ್‌ಸಿ ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಅಷ್ಟಕ್ಕೇ ಕಂಪನಿಯ ದಾಖಲೆ ಬದಲಾಗುವುದಿಲ್ಲ, ಡೀಲರ್ ಹತ್ತಿರ ನಿಮ್ಮ ಹೆಸರು, ಫೋನ್ ನಂಬರನ್ನು ಬೇರೆಯಾಗಿ ಸೇರಿಸಿಸಬೇಕು.

## ಹಂತ 3: ರೀಕಾಲ್ ಬೇರೆ, ವಾರಂಟಿ ಬೇರೆ

ರೀಕಾಲ್ ಎಂದರೆ ಸುರಕ್ಷತೆಗೆ ಸಂಬಂಧಿಸಿದ ದೋಷವಿದೆಯೆಂದು ಕಂಪನಿ ತಾನಾಗಿ ಅಥವಾ ಸರ್ಕಾರದ ಆದೇಶದಂತೆ ಗಾಡಿ ವಾಪಸ್ ಕರೆಸಿ ಸರಿಮಾಡಿಕೊಡುವುದು. ಬಿಡಿಭಾಗಕ್ಕೂ ಕೂಲಿಗೂ ನೀವು ಹಣ ಕೊಡಬೇಕಿಲ್ಲ. ಸರ್ವೀಸ್ ಕ್ಯಾಂಪೇನ್ ಅಷ್ಟು ಗಂಭೀರವಲ್ಲದ ದೋಷಕ್ಕೆ ಕಂಪನಿ ಮಾಡುವ ಉಚಿತ ಕೆಲಸ. ವಾರಂಟಿಗೆ ಕಾಲ ಮತ್ತು ಕಿಲೋಮೀಟರಿನ ಮಿತಿ ಇದೆ, ಸವೆಯುವ ಭಾಗಗಳಿಗೆ ಅದು ಸಿಗುವುದು ಕಷ್ಟ. ಕ್ಲಚ್ ಪ್ಲೇಟ್ ಸವೆಯುವ ಭಾಗ. ಸಿಂಕ್ರೊನೈಸರ್ ರಿಂಗ್ (ಗೇರ್ ಶಬ್ದವಿಲ್ಲದೆ ಬೀಳುವಂತೆ ವೇಗ ಹೊಂದಿಸುವ ಬಳೆ) ಗೇರ್ ಬಾಕ್ಸಿನ ಒಳಭಾಗ, ವಾರಂಟಿಯಲ್ಲಿ ಕೇಳಲೇಬೇಕಾದದ್ದು.

ಜನ ಎಡವುವುದು ಇಲ್ಲಿ. 2021ರ ಸೆಪ್ಟೆಂಬರ್‌ನಲ್ಲಿ ಮಹೀಂದ್ರ ಕಂಪನಿ 29,878 ಪಿಕಪ್‌ಗಳನ್ನು ವಾಪಸ್ ಕರೆಯಿತು. 2020ರ ಜನವರಿಯಿಂದ 2021ರ ಫೆಬ್ರುವರಿವರೆಗೆ ತಯಾರಾದ ಗಾಡಿಗಳು ಅವು, ಕಾರಣ ಫ್ಲೂಯಿಡ್ ಪೈಪಿನ ಜೋಡಣೆ ಸರಿಯಿಲ್ಲವೆಂಬ ಅನುಮಾನ. ಅಂಥ ರೀಕಾಲ್‌ಗೆ ಗಾಡಿ ಬಿಟ್ಟರೆ ಅವರು ಆ ಪೈಪ್ ನೋಡಿ, ಬೇಕಿದ್ದರೆ ಬದಲಿಸಿ ಕಳಿಸುತ್ತಾರೆ. ನಿಮ್ಮ ಗೇರ್ ಬಿಗಿಯಾಗಿದೆಯೇ ಎಂದು ಯಾರೂ ನೋಡುವುದಿಲ್ಲ, ನೋಡಬೇಕಾಗಿಯೂ ಇಲ್ಲ. 'ರೀಕಾಲ್ ಮಾಡಿಸಿದರೂ ಗೇರ್ ಸರಿಹೋಗಲಿಲ್ಲ' ಎನ್ನುವ ದೂರು ಬಹಳ ಸಲ ಹೀಗೆ ಹುಟ್ಟುತ್ತದೆ.

ಗೇರಿಗೇ ರೀಕಾಲ್ ಬರುವುದೂ ಉಂಟು. 2024ರ ಜೂನ್‌ನಲ್ಲಿ ಅಮೆರಿಕದಲ್ಲಿ ಫೋರ್ಡ್ ಕಂಪನಿ 2014ರ ಮಾಡೆಲ್ಲಿನ ಎಫ್-150 ಪಿಕಪ್‌ಗಳನ್ನು, ಐದೂವರೆ ಲಕ್ಷಕ್ಕೂ ಹೆಚ್ಚು ಗಾಡಿಗಳನ್ನು, ಕರೆಸಿತು. ಎಷ್ಟೇ ವೇಗದಲ್ಲಿದ್ದರೂ ಆಟೊಮ್ಯಾಟಿಕ್ ಗೇರ್ ಬಾಕ್ಸ್ ತಾನಾಗಿ ಒಂದನೇ ಗೇರಿಗೆ ಇಳಿಯುವ ಅಪಾಯ ಅದರಲ್ಲಿತ್ತು. ವೇಗ ಅಳೆಯುವ ಸೆನ್ಸರಿನ ಸಂಕೇತ ತಪ್ಪುತ್ತಿದ್ದುದು ಕಾರಣ, ಪರಿಹಾರವಾಗಿ ಕೊಟ್ಟದ್ದು ಸಾಫ್ಟ್‌ವೇರ್. ನಮ್ಮಲ್ಲೂ ಹೈಲಕ್ಸ್, ವಿ-ಕ್ರಾಸ್ ತರಹದ ಆಟೊಮ್ಯಾಟಿಕ್ ಪಿಕಪ್ ಇಟ್ಟುಕೊಂಡವರಿದ್ದಾರೆ. ಗೇರ್ ಬಾಕ್ಸ್ ಬಿಚ್ಚದೆ ಲ್ಯಾಪ್‌ಟಾಪ್ ಚುಚ್ಚಿ ಕೆಲಸ ಮುಗಿಸಿದರೆ ಮೋಸ ಮಾಡಿದರು ಎಂದುಕೊಳ್ಳಬೇಡಿ.

ಆದ್ದರಿಂದ ರೀಕಾಲ್ ಒಂದು ಕೆಲಸ, ಗೇರ್ ದೂರು ಇನ್ನೊಂದು ಕೆಲಸ. ಒಂದೇ ದಿನ ಎರಡನ್ನೂ ಮಾಡಿಸಿ, ಆದರೆ ಎರಡು ಸಾಲಾಗಿ ಬರೆಸಿ.

## ಹಂತ 4: ಮನೆಯಂಗಳದಲ್ಲೇ ಪರೀಕ್ಷೆ

ಮೊದಲು ಬಗ್ಗಿ ಪೆಡಲಿನ ಕೆಳಗೆ ನೋಡಿ. ಮಳೆಗಾಲದಲ್ಲಿ ಕೆಸರು ಕಾಲಿಗೆಂದು ಕ್ಯಾಬಿನ್ನಿನಲ್ಲಿ ಗೋಣಿಚೀಲ ಹಾಸುವುದು ನಮ್ಮೆಲ್ಲರ ರೂಢಿ. ಆ ಗೋಣಿ ಮಡಚಿಕೊಂಡು ಕ್ಲಚ್ ಪೆಡಲಿನ ಅಡಿಗೆ ಸೇರಿ, ಒಣಗಿದ ಕೆಸರಿನೊಂದಿಗೆ ಹಲಗೆಯಂತೆ ಗಟ್ಟಿಯಾಗಿರುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋಗುವುದಿಲ್ಲ, ಕ್ಲಚ್ ಪೂರ್ತಿ ಬಿಡುವುದಿಲ್ಲ (ಇಂಜಿನ್ನನ್ನು ಗೇರ್ ಬಾಕ್ಸಿನಿಂದ ಬೇರ್ಪಡಿಸುವುದಿಲ್ಲ), ಗೇರ್ ಬೀಳುವುದಿಲ್ಲ. ಶನಿವಾರಸಂತೆಯ ನಮ್ಮ ನೆಂಟರೊಬ್ಬರು ಕ್ಲಚ್ ಸೆಟ್ಟನ್ನೇ ಬದಲಾಯಿಸಲು ಹೊರಟಿದ್ದರು. ಗೋಣಿ ಎಳೆದು ಹಾಕಿದ ಮೇಲೆ ಗೇರು ಒಂದೇ ಬೆರಳಿಗೆ ಬಿತ್ತು.

ಗೋಣಿ ತೆಗೆದ ಮೇಲೂ ತೊಂದರೆ ಇದ್ದರೆ ಸಪಾಟು ಜಾಗದಲ್ಲಿ, ಚಕ್ರಕ್ಕೆ ದಿಮ್ಮಿ ಕೊಟ್ಟು, ಮುಂದೆ ಹಿಂದೆ ಯಾರೂ ಇಲ್ಲದಂತೆ ನೋಡಿಕೊಂಡು ಹೀಗೆ ಮಾಡಿ.

ಇಂಜಿನ್ ಆಫ್ ಇಟ್ಟು: ಕ್ಲಚ್ ತುಳಿದು ಎಲ್ಲ ಗೇರುಗಳನ್ನೂ ಹಾಕಿ ತೆಗೆಯಿರಿ. ಆಗಲೂ ಬಿಗಿ ಎಂದರೆ ಕ್ಲಚ್ಚಿನ ಮೇಲೆ ಅನುಮಾನ ಬೇಡ. ಗೇರ್ ಲಿವರಿನ ಬುಷ್, ಕೇಬಲ್ ಅಥವಾ ಗೇರ್ ಬಾಕ್ಸಿನ ಒಳಗಿನ ತೊಂದರೆ. ಒಂದೊಂದು ಸಲ ಗೇರಿನ ಹಲ್ಲುಗಳು ಎದುರುಬದುರಾಗಿ ನಿಂತು ಬೀಳದೇ ಹೋಗಬಹುದು. ಗಾಡಿಯನ್ನು ಒಂದಿಷ್ಟು ಅಲುಗಿಸಿ ಇನ್ನೊಮ್ಮೆ ನೋಡಿ.

ಇಂಜಿನ್ ಆನ್ ಇಟ್ಟು: ಆಫ್ ಇದ್ದಾಗ ಸಲೀಸಾಗಿದ್ದದ್ದು ಈಗ ಬಿಗಿಯಾದರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪೆಡಲನ್ನು ಮೂರು ನಾಲ್ಕು ಸಲ ಪಂಪ್ ಮಾಡಿ ಹಾಕಿ. ಆಗ ಬಿದ್ದರೆ ಕ್ಲಚ್ ಆಯಿಲಿನ ಲೈನಿನಲ್ಲಿ ಗಾಳಿ ಸೇರಿದೆ, ಇಲ್ಲವೇ ಆ ಆಯಿಲನ್ನು ಒತ್ತುವ ಮಾಸ್ಟರ್ ಸಿಲಿಂಡರ್ ಅಥವಾ ಸ್ಲೇವ್ ಸಿಲಿಂಡರ್ ಹಿಡಿತ ಬಿಡುತ್ತಿದೆ. ಇದು ಗೇರ್ ಬಾಕ್ಸ್ ಇಳಿಸುವ ಕೆಲಸಕ್ಕಿಂತ ಎಷ್ಟೋ ಸಣ್ಣದು.

ರಿವರ್ಸ್ ಪರೀಕ್ಷೆ: ನ್ಯೂಟ್ರಲ್‌ನಲ್ಲಿ ಕ್ಲಚ್ ಪೂರ್ತಿ ತುಳಿದು ಐದು ಎಣಿಸಿ, ಆಮೇಲೆ ರಿವರ್ಸ್ ಹಾಕಿ. ಹಲವು ಗಾಡಿಗಳಲ್ಲಿ ರಿವರ್ಸಿಗೆ ಸಿಂಕ್ರೊನೈಸರ್ ಇರುವುದಿಲ್ಲ, ಅವಸರದಲ್ಲಿ ಹಾಕಿದರೆ ಶಬ್ದ ಬರುವುದು ಸಹಜ. ಐದು ಎಣಿಸಿದ ಮೇಲೂ ಕರ್ರ್ ಎಂದರೆ ಕ್ಲಚ್ ಬಿಡುತ್ತಿಲ್ಲವೆಂಬುದು ಖಾತ್ರಿ.

ಶಬ್ದದ ಪರೀಕ್ಷೆ: ನ್ಯೂಟ್ರಲ್‌ನಲ್ಲಿ ಕಾಲು ಎತ್ತಿದಾಗ ಗುಂಯ್ ಎಂಬ ಶಬ್ದ ಬಂದು, ಕ್ಲಚ್ ತುಳಿದಾಗ ಅದು ನಿಂತರೆ ಗೇರ್ ಬಾಕ್ಸಿನ ಇನ್‌ಪುಟ್ ಶಾಫ್ಟ್ ಬೇರಿಂಗ್ ಮೇಲೆ ಅನುಮಾನ. ತುಳಿದಾಗ ಮಾತ್ರ ಶಬ್ದ ಬಂದರೆ ಕ್ಲಚ್ಚನ್ನು ಒತ್ತಿ ಬಿಡಿಸುವ ರಿಲೀಸ್ ಬೇರಿಂಗ್.

ಕ್ಲಚ್ ಜಾರುತ್ತಿದೆಯೇ: ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರಿನಲ್ಲಿ 40 ಕಿ.ಮೀ. ವೇಗದಿಂದ ಆಕ್ಸಿಲರೇಟರ್ ಒತ್ತಿ. ಆರ್‌ಪಿಎಂ ಮುಳ್ಳು ಏರಿ ವೇಗ ಏರದಿದ್ದರೆ ಪ್ಲೇಟ್ ಜಾರುತ್ತಿದೆ. ಹ್ಯಾಂಡ್ ಬ್ರೇಕ್ ಎಳೆದು ಗೇರ್ ಹಾಕಿ ಇಂಜಿನ್ ಕೂಗಿಸುವ ಪರೀಕ್ಷೆಯನ್ನು ಮತ್ತೆ ಮತ್ತೆ ಮಾಡಬೇಡಿ, ಇದ್ದ ಪ್ಲೇಟೂ ಸುಡುತ್ತದೆ.

ಇಂಜಿನ್ ಆನ್ ಇದ್ದಾಗಲೂ ಕ್ಲಚ್ ಸರಿಯಾಗಿ ಬಿಡುತ್ತಿದ್ದು, ಒಂದೇ ಗೇರ್ ಮಾತ್ರ, ಅದೂ ಬೆಳಗಿನ ಹೊತ್ತು ಮಾತ್ರ ಕರ್ರ್ ಎಂದರೆ ಆ ಗೇರಿನ ಸಿಂಕ್ರೊನೈಸರ್ ಅಥವಾ ಆಯಿಲಿನ ಕಡೆ ನೋಡಬೇಕು.

ಫೋರ್ ವೀಲ್ ಡ್ರೈವ್ ಇರುವವರಿಗೆ ಒಂದು ಮಾತು. ಕೆಸರಿನಿಂದ ಹೊರಬಂದ ಮೇಲೂ ಲಿವರನ್ನು ಹಾಗೇ ಬಿಟ್ಟು ಟಾರ್ ರಸ್ತೆಯಲ್ಲಿ ಓಡಿಸಿದರೆ ಮುಂದಿನ ಹಿಂದಿನ ಆಕ್ಸೆಲ್‌ಗಳು ಒಂದಕ್ಕೊಂದು ತಿರುಚಿಕೊಂಡು ಲಿವರ್ ಹೊರಬರುವುದೇ ಇಲ್ಲ. ಅದು ಗೇರ್ ಬಾಕ್ಸ್ ದೋಷವಲ್ಲ. ನೇರವಾಗಿ ಕೆಲವು ಮೀಟರ್ ಹಿಂದಕ್ಕೆ ತೆಗೆದರೆ ತಿರುಚು ಬಿಡುತ್ತದೆ, ಲಿವರ್ ಬರುತ್ತದೆ. ಮುಂದೆ ಹೊಸ ಟೈರ್, ಹಿಂದೆ ಬೋಳು ಟೈರ್ ಇದ್ದರೂ ಇದೇ ಪಾಡು.

ಬಿಎಸ್6 ಡೀಸೆಲ್ ಗಾಡಿ ಏರಿನಲ್ಲಿ ಎಳೆಯುತ್ತಿಲ್ಲ, ಮೀಟರಿನಲ್ಲಿ ಲೈಟ್ ಉರಿಯುತ್ತಿದೆ ಎಂದರೆ ಗೇರಿನ ತಪ್ಪೆಂದು ಹೇಳಿಕೊಂಡು ಹೋಗಬೇಡಿ. ಹೊಗೆ ಸೋಸುವ ಡಿಪಿಎಫ್ ಕಟ್ಟಿಕೊಂಡು ಇಂಜಿನ್ ತಾನೇ ಶಕ್ತಿ ಕಡಿಮೆ ಮಾಡಿಕೊಂಡಿರಬಹುದು. ತೋಟದೊಳಗೆ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಗೆ ಇದು ಹೆಚ್ಚು.

ಆಟೊಮ್ಯಾಟಿಕ್ ಗಾಡಿಯವರು ನಾಲ್ಕು ವಿಷಯ ಗಮನಿಸಿ: 'ಡಿ' ಅಥವಾ 'ಆರ್' ಹಾಕಿದ ಮೇಲೆ ಗಾಡಿ ಹಿಡಿಯಲು ಎಷ್ಟು ಸೆಕೆಂಡ್, ಗೇರ್ ಬದಲಾಗುವಾಗ ಆರ್‌ಪಿಎಂ ಸುಮ್ಮನೆ ಏರುತ್ತದೆಯೇ, ಸಣ್ಣ ವೇಗದಲ್ಲಿ ನಡುಗುತ್ತದೆಯೇ, ಒಂದೇ ಗೇರಿನಲ್ಲಿ ಸಿಕ್ಕಿಕೊಳ್ಳುತ್ತದೆಯೇ. ಸ್ಕ್ಯಾನರಿನಲ್ಲಿ ಕೋಡ್ ಬಂದರೆ ಫೋಟೊ ತೆಗೆಯಿರಿ. ಅಳಿಸಬೇಡಿ.

## ಹಂತ 5: ಆಯಿಲ್ ನೋಡುವುದು

ರಾತ್ರಿ ಗಾಡಿ ನಿಲ್ಲಿಸಿದಾಗ ಗೇರ್ ಬಾಕ್ಸಿನ ಅಡಿಗೆ ರಟ್ಟು ಹಾಸಿ. ಬೆಳಗ್ಗೆ ಕಲೆ ನೋಡಿ. ತೆಳ್ಳಗೆ, ತಿಳಿ ಹಳದಿ ಆದರೆ ಕ್ಲಚ್ ಅಥವಾ ಬ್ರೇಕ್ ಆಯಿಲ್. ದಪ್ಪಗೆ, ಗಂಧಕದ ವಾಸನೆ ಬಂದರೆ ಗೇರ್ ಆಯಿಲ್. ಕೆಂಪಗಿದ್ದರೆ ಸಾಮಾನ್ಯವಾಗಿ ಆಟೊಮ್ಯಾಟಿಕ್ ಗೇರ್ ಬಾಕ್ಸಿನದು. ಕಪ್ಪಾದರೆ ಇಂಜಿನ್ನಿನದು.

ಗೇರ್ ಆಯಿಲ್ ಮಟ್ಟ ನೋಡಲು ಗಾಡಿ ಪೂರ್ತಿ ಸಪಾಟಾಗಿ ನಿಲ್ಲಬೇಕು. ನಮ್ಮೂರಲ್ಲಿ ಅಂಥ ಜಾಗ ಹುಡುಕುವುದೇ ಕಷ್ಟ. ಕಾಫಿ ಒಣಗಿಸುವ ಕಣ ಇದಕ್ಕೆ ಹೇಳಿ ಮಾಡಿಸಿದ್ದು. ಕಣದಲ್ಲಿ ಕಾಫಿ ಇಲ್ಲದ ದಿನ ಅಲ್ಲೇ ನಿಲ್ಲಿಸಿ ನೋಡಿ. ಆಯಿಲ್ ಕಲೆಯಾಗದಂತೆ ರಟ್ಟು ಹಾಸಿ, ಅದರ ವಾಸನೆ ಕಾಫಿಗೆ ಹತ್ತಿದರೆ ಹೋಗುವುದಿಲ್ಲ.

ಪಕ್ಕದಲ್ಲಿರುವ ಫಿಲ್ಲರ್ ಪ್ಲಗ್ ಮೊದಲು ಬಿಚ್ಚಬೇಕು, ಅಡಿಯ ಡ್ರೈನ್ ಪ್ಲಗ್ ಆಮೇಲೆ, ಅದೂ ಆಯಿಲ್ ಬದಲಿಸುವುದಿದ್ದರೆ ಮಾತ್ರ. ಡ್ರೈನ್ ಮೊದಲು ಬಿಚ್ಚಿ ಆಯಿಲ್ ಸುರಿದ ಮೇಲೆ ಫಿಲ್ಲರ್ ಪ್ಲಗ್ ಬರಲಿಲ್ಲವೆಂದರೆ ಗಾಡಿ ಅಲ್ಲೇ ನಿಂತಿತು. ಬೆರಳು ತೂರಿಸಿದರೆ ಸಾಮಾನ್ಯವಾಗಿ ತೂತಿನ ಕೆಳ ಅಂಚಿಗೆ ಆಯಿಲ್ ಸಿಗಬೇಕು. ಸಿಕ್ಕಿದ್ದನ್ನು ಬಿಳಿ ಬಟ್ಟೆಗೆ ಒರೆಸಿ. ಜೇನಿನ ಬಣ್ಣದಿಂದ ಕಂದುಬಣ್ಣದವರೆಗೆ ಸರಿ. ಹಾಲು ಬೆರೆಸಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ.

ನೀರು ಹೋಗುವುದು ಹೀಗೆ: ಗೇರ್ ಬಾಕ್ಸಿನ ಮೇಲೆ ಗಾಳಿಯಾಡಲು ಬ್ರೀದರ್ ಎಂಬ ಸಣ್ಣ ಕೊಳವೆ ಇದೆ. ಬಿಸಿಯಾದ ಗೇರ್ ಬಾಕ್ಸ್ ತೋಡಿನ (ಸಣ್ಣ ಹಳ್ಳದ) ತಣ್ಣೀರಿಗೆ ಇಳಿದ ಕ್ಷಣ ಒಳಗಿನ ಗಾಳಿ ಕುಗ್ಗಿ, ಬ್ರೀದರ್ ಮುಳುಗಿದ್ದರೆ ಅಥವಾ ಕೆಸರಿನಿಂದ ಮುಚ್ಚಿದ್ದರೆ ಎಲ್ಲಾದರೂ ಸೀಲಿನ ಸಂದಿಯಿಂದ ನೀರನ್ನು ಎಳೆದುಕೊಳ್ಳುತ್ತದೆ. ಮಳೆಗಾಲದಲ್ಲಿ ತೋಡು ದಾಟುವ ಗಾಡಿಯಾದರೆ ಮಳೆ ನಿಂತ ಮೇಲೆ ಒಮ್ಮೆ ಆಯಿಲ್ ನೋಡಲೇಬೇಕು. ಹಾಲು ಬಣ್ಣದ ಆಯಿಲಿನಲ್ಲಿ ಗಾಡಿ ಓಡಿಸಿದರೆ ಬೇರಿಂಗ್ ತುಕ್ಕು ಹಿಡಿಯುತ್ತದೆ.

ಅಂಗಡಿಯವರು ಕೊಟ್ಟ ಆಯಿಲ್ ಹಾಕಬೇಡಿ, ಮಾಲೀಕರ ಕೈಪಿಡಿಯಲ್ಲಿ ಬರೆದದ್ದನ್ನೇ ಕೇಳಿ ತನ್ನಿ. 75ಡಬ್ಲ್ಯು-90, 80ಡಬ್ಲ್ಯು-90 ಎನ್ನುವುದು ದಪ್ಪದ ಅಳತೆ. ಜಿಎಲ್-4, ಜಿಎಲ್-5 ಎನ್ನುವುದು ಅದರಲ್ಲಿ ಬೆರೆಸಿದ ರಾಸಾಯನಿಕದ ದರ್ಜೆ. ಜಿಎಲ್-5 ದೊಡ್ಡ ಅಂಕಿ, ಆದ್ದರಿಂದ ಒಳ್ಳೆಯದು ಎಂದು ಹಾಕಿಸಿಕೊಂಡವರಿದ್ದಾರೆ. ಅದು ಆಕ್ಸೆಲಿನ ಡಿಫರೆನ್ಷಿಯಲ್‌ಗೆ ಸರಿ. ಜಿಎಲ್-4 ಹೇಳಿದ ಗೇರ್ ಬಾಕ್ಸಿಗೆ ಅದನ್ನು ಹಾಕಿದರೆ ಹಿತ್ತಾಳೆಯ ಸಿಂಕ್ರೊನೈಸರ್ ರಿಂಗಿಗೆ ಹಾನಿಯಾಗಬಹುದು, ಗೇರ್ ಇನ್ನೂ ಬಿಗಿಯಾಗಬಹುದು.

ವಾರಂಟಿ ಇರುವ ಗಾಡಿಯ ಪ್ಲಗ್ ನೀವಾಗಿ ಬಿಚ್ಚಬೇಡಿ. ರಟ್ಟಿನ ಪರೀಕ್ಷೆ ಸಾಕು. ಬರೇ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಯಾರೂ ಹೋಗಬಾರದು.

## ಹಂತ 6: ಒಂದು ವಾರದ ಲೆಕ್ಕ, ಒಂದು ವಿಡಿಯೊ

ಏಳು ದಿನ ನೋಟ್ ಪುಸ್ತಕದಲ್ಲಿ ಬರೆಯಿರಿ: ತಾರೀಖು, ಹೊತ್ತು, ಕಿಲೋಮೀಟರ್, ಗಾಡಿ ಸ್ಟಾರ್ಟ್ ಮಾಡಿ ಎಷ್ಟು ಹೊತ್ತಾಗಿತ್ತು, ಲೋಡ್ ಎಷ್ಟು, ಏರೋ ಇಳಿಜಾರೋ, ಯಾವ ಗೇರಿನಿಂದ ಯಾವುದಕ್ಕೆ. ನನ್ನ ಪುಸ್ತಕದ ಒಂದು ಸಾಲು ಹೀಗಿತ್ತು: 'ಬೆಳಗ್ಗೆ 6.40, ಸ್ಟಾರ್ಟ್ ಮಾಡಿ 5 ನಿಮಿಷ, ಖಾಲಿ, ಸಣ್ಣ ಏರು, ಒಂದರಿಂದ ಎರಡಕ್ಕೆ ಹಾಕುವಾಗ ಕರ್ರ್. 20 ನಿಮಿಷದ ಮೇಲೆ ಇಲ್ಲ.' ಒಂದು ವಾರದ ಸಾಲುಗಳನ್ನು ಒಟ್ಟಿಗೆ ನೋಡಿದಾಗ ತೊಂದರೆ ಚಳಿಯದೋ, ಲೋಡಿನದೋ, ಇಳಿಜಾರಿನದೋ ಎಂದು ಗೊತ್ತಾಗುತ್ತದೆ.

ವಿಡಿಯೊ ತೆಗೆಯುವವರು ಪಕ್ಕದ ಸೀಟಿನಲ್ಲಿರಲಿ. ಚಾಲಕ ಫೋನ್ ಹಿಡಿಯಬಾರದು. ಆರಂಭದಲ್ಲಿ ಕಿಲೋಮೀಟರ್ ಮೀಟರ್ ತೋರಿಸಿ, ಆಮೇಲೆ ಗೇರ್ ಲಿವರ್, ಆರ್‌ಪಿಎಂ ಮುಳ್ಳು ಎರಡೂ ಕಾಣುವ ಹಾಗೆ ಹಿಡಿಯಿರಿ. ರೇಡಿಯೊ ಬಂದ್, ಗಾಜು ಏರಿಸಿರಲಿ. ಒಂದು ನಿಮಿಷ ಸಾಕು. ಕತ್ತರಿಸಬೇಡಿ, ಹಾಡು ಸೇರಿಸಬೇಡಿ.

## ಹಂತ 7: ಬುಕಿಂಗ್

ಫೋನಿನಲ್ಲೇ ಕೇಳಬೇಕಾದ ಪ್ರಶ್ನೆ ಒಂದೇ: ರೀಕಾಲಿನ ಬಿಡಿಭಾಗ ಈಗ ನಿಮ್ಮಲ್ಲಿ ಇದೆಯೇ? 'ಬನ್ನಿ ನೋಡೋಣ' ಎಂದರೆ ಹೋಗಬೇಡಿ. ಚಾಸಿಸ್ ನಂಬರ್ ಕೊಟ್ಟು ಭಾಗ ತರಿಸಲು ಹೇಳಿ, ಭಾಗ ಬಂದಿದೆ ಎನ್ನುವ ಮೆಸೇಜು ಸಿಕ್ಕಿದ ಮೇಲೆ ದಿನ ಗೊತ್ತುಮಾಡಿ.

ಕಾಫಿ ಕೊಯ್ಲು ಶುರುವಾದ ಮೇಲೆ ಗಾಡಿ ಬಿಟ್ಟಿರಲು ಆಗುವುದಿಲ್ಲ ಎಂದು ಎಲ್ಲರೂ ಮಾರ್ಚ್‌ವರೆಗೆ ಮುಂದಕ್ಕೆ ಹಾಕುತ್ತಾರೆ. ಅಷ್ಟರಲ್ಲಿ ಚಳಿ ಹೋಗಿರುತ್ತದೆ, ಚಳಿಯಲ್ಲಿ ಬರುವ ತೊಂದರೆಯೂ ಅಡಗಿರುತ್ತದೆ. ಅರೇಬಿಕಾ ಕೊಯ್ಲಿಗೆ ಮುಂಚೆ, ನವೆಂಬರ್ ಮೊದಲ ವಾರದೊಳಗೆ ಮಾಡಿಸಿಕೊಳ್ಳುವುದು ಒಳ್ಳೆಯದು.

## ಹಂತ 8: ಜಾಬ್ ಕಾರ್ಡ್ ಬರೆಸುವುದು, ತಣ್ಣಗಿನ ಗಾಡಿಯಲ್ಲಿ ತೋರಿಸುವುದು

ಇಡೀ ಕೆಲಸದ ಜೀವ ಈ ಹಂತದಲ್ಲಿದೆ. ಸರ್ವೀಸ್ ಅಡ್ವೈಸರ್ ಸಾಮಾನ್ಯವಾಗಿ 'ಗೇರ್ ಹಾರ್ಡ್, ಚೆಕ್' ಎಂದು ಮೂರು ಪದ ಟೈಪ್ ಮಾಡಿ ಮುಗಿಸುತ್ತಾರೆ. ಆ ಮೂರು ಪದ ಓದಿದ ಮೆಕ್ಯಾನಿಕ್‌ಗೆ ಏನು ನೋಡಬೇಕೆಂದೇ ತಿಳಿಯುವುದಿಲ್ಲ. ಹೀಗೆ ಬರೆಸಿ:

'ರಾತ್ರಿ ನಿಲ್ಲಿಸಿದ ಗಾಡಿ ಬೆಳಗ್ಗೆ ಸ್ಟಾರ್ಟ್ ಮಾಡಿದ ಮೊದಲ 10 ನಿಮಿಷ ಒಂದರಿಂದ ಎರಡನೇ ಗೇರಿಗೆ ಹಾಕುವಾಗ ಶಬ್ದ. ಬಿಸಿಯಾದ ಮೇಲೆ ಇಲ್ಲ. ತಣ್ಣಗಿರುವಾಗ ಮಾಲೀಕರ ಜೊತೆ ಓಡಿಸಿ ನೋಡಬೇಕು.'

ರೀಕಾಲಿಗೆ ಬೇರೆ ಸಾಲು, ಅದರ ಕ್ಯಾಂಪೇನ್ ನಂಬರಿನೊಂದಿಗೆ. ಬರೆದದ್ದನ್ನು ಓದಿ ನೋಡದೆ ಸಹಿ ಹಾಕಬೇಡಿ.

ಕೊನೆಯ ವಾಕ್ಯ ಬರೆಸಿದರೆ ಸಾಲದು, ಮಾಡಿಸಬೇಕು. ನನ್ನ ಗಾಡಿಯನ್ನು ಎರಡು ಸಲ 'ತೊಂದರೆ ಇಲ್ಲ' ಎಂದು ವಾಪಸ್ ಕಳಿಸಿದ್ದರು. ಮೂರನೇ ಸಲ ಹಿಂದಿನ ಸಂಜೆಯೇ ಒಯ್ದು ವರ್ಕ್‌ಶಾಪಿನ ಅಂಗಳದಲ್ಲಿ ಬಿಟ್ಟೆ, ಮೈಸೂರಿನಲ್ಲೇ ಉಳಿದೆ. ಬೆಳಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿದ್ದೆ. "ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ" ಎಂದು ಚೀಟಿ ಬರೆದು ಸ್ಟೇರಿಂಗಿಗೆ ಅಂಟಿಸಿದ್ದೆ. ಹಿರಿಯ ಮೆಕ್ಯಾನಿಕ್ ಒಬ್ಬರು ಹತ್ತಿದರು. ಗೇಟು ದಾಟಿ ಎರಡನೇ ಗೇರ್ ಹಾಕಿದ್ದೇ ಕರ್ರ್ ಎಂದಿತು. ಅವರು ಗಾಡಿ ನಿಲ್ಲಿಸಿ ಇನ್ನೆರಡು ಸಲ ಹಾಕಿ ನೋಡಿ, "ಅಣ್ಣಾ, ಇದು ಸಿಂಕ್ರೊ ರಿಂಗ್, ಬಾಕ್ಸ್ ಇಳಿಸಬೇಕು" ಎಂದರು. ವಾರಂಟಿಯಲ್ಲೇ ಆಯಿತು. ಹಿಂದಿನ ಎರಡು ಸಲವೂ ಅದೇ ಗಾಡಿ, ಅದೇ ವರ್ಕ್‌ಶಾಪು. ಈ ಸಲ ಗಾಡಿ ತಣ್ಣಗಿತ್ತು, ಅಷ್ಟೇ ವ್ಯತ್ಯಾಸ.

ತೊಂದರೆ ಬರುವುದು ಲೋಡ್ ಇದ್ದಾಗ ಎಂದಾದರೆ ಮೊದಲೇ ಕೇಳಿಕೊಂಡು, ಗಾಡಿಗೆ ಅನುಮತಿಸಿದ ತೂಕದೊಳಗೆ ಮರಳಿನ ಚೀಲ ಹಾಕಿಕೊಂಡು ಹೋಗಿ. ಏರು ಬೇಕೆಂದರೆ ಚಾಮುಂಡಿ ಬೆಟ್ಟದ ರಸ್ತೆ ಇದೆ.

ಈ ಹಂತದಲ್ಲಿ ಹೆಚ್ಚು ಜನ ಮಾಡುವ ತಪ್ಪು ಇನ್ನೊಂದು: ಹೋಗುವ ಹಿಂದಿನ ದಿನ ಊರಿನ ಗ್ಯಾರೇಜಿನಲ್ಲಿ ಕೋಡ್ ಅಳಿಸುವುದು, ಬ್ಯಾಟರಿ ವೈರ್ ಬಿಚ್ಚಿ ಹಾಕುವುದು, ಕ್ಲಚ್ ಅಡ್ಜಸ್ಟ್ ಮಾಡಿಸುವುದು. ಸಾಕ್ಷಿ ಎಲ್ಲ ಅಳಿಸಿಹೋಗುತ್ತದೆ. ವಾರಂಟಿ ಗಾಡಿಯಾದರೆ 'ಹೊರಗೆ ಕೈ ಹಾಕಿಸಿದ್ದೀರಿ' ಎನ್ನುವುದಕ್ಕೂ ಅವಕಾಶವಾಗುತ್ತದೆ.

## ಹಂತ 9: ಗಾಡಿ ಬಿಡಿಸಿಕೊಳ್ಳುವಾಗ

ಹಣ ಕಟ್ಟುವ ಮೊದಲು ಓಡಿಸಿ. ಇನ್‌ವಾಯ್ಸ್‌ನಲ್ಲಿ ರೀಕಾಲಿನ ಸಾಲಿಗೆ ಮೊತ್ತ ಸೊನ್ನೆ ಇರಬೇಕು, ಕೆಲಸ ಮುಗಿದಿದೆ ಎಂದು ಬರೆದಿರಬೇಕು. ಆ ಭಾಗವನ್ನು ನೀವು ಹಿಂದೆ ದುಡ್ಡು ಕೊಟ್ಟು ಬದಲಿಸಿದ್ದರೆ ಬಿಲ್ ಪ್ರತಿ ಕೊಟ್ಟು ಮರುಪಾವತಿಗೆ ಲಿಖಿತವಾಗಿ ಕೇಳಿ.

ಗೇರ್ ಬಾಕ್ಸ್ ಇಳಿಸಿದ್ದರೆ ಯಾವ ಭಾಗ ಹೊಸದು, ಯಾವ ಆಯಿಲ್ ಎಷ್ಟು ಲೀಟರ್ ಎಂದು ಇನ್‌ವಾಯ್ಸ್‌ನಲ್ಲಿ ನೋಡಿ. ಕೆಳಗೆ ಬಗ್ಗಿ ಪ್ಲಗ್ ಸುತ್ತ ಒದ್ದೆ ಇದೆಯೇ, ಬೋಲ್ಟ್‌ಗಳೆಲ್ಲ ಇವೆಯೇ, ವೈರ್ ಜೋತುಬಿದ್ದಿದೆಯೇ ನೋಡಿ. ರಿವರ್ಸ್ ಲೈಟ್ ಉರಿಯುತ್ತದೆಯೇ ಎಂದು ಪರೀಕ್ಷಿಸಿ. ಅದರ ಸ್ವಿಚ್ಚು ಸಾಮಾನ್ಯವಾಗಿ ಗೇರ್ ಬಾಕ್ಸಿನ ಮೇಲೇ ಇರುತ್ತದೆ, ಕನೆಕ್ಟರ್ ಹಾಕಲು ಮರೆಯುವುದುಂಟು.

'ತೊಂದರೆ ಇಲ್ಲ' ಎಂದು ಕೊಟ್ಟರೂ ಜಾಬ್ ಕಾರ್ಡ್ ಪ್ರತಿ ಬಿಡದೆ ತನ್ನಿ. ನೀವು ವಾರಂಟಿಯೊಳಗೆ ದೂರು ಕೊಟ್ಟಿದ್ದಿರಿ ಎನ್ನುವುದಕ್ಕೆ ಅದೇ ಆಧಾರ.

## ಹಂತ 10: ವಾಪಸ್ ಬಂದ ಮೇಲೆ

ಮೊದಲ ರಾತ್ರಿ ಮತ್ತೆ ರಟ್ಟು ಹಾಸಿ. ಒಂದು ವಾರ ಅದೇ ಪುಸ್ತಕದಲ್ಲಿ, ಅದೇ ರೀತಿ ಬರೆಯಿರಿ. ಹೊಸ ಕ್ಲಚ್ ಪ್ಲೇಟ್ ಹಾಕಿದ್ದರೆ ಕೆಲವು ನೂರು ಕಿಲೋಮೀಟರ್ ಪೂರ್ತಿ ಲೋಡ್ ಹಾಕಿ ಏರು ಹತ್ತಿಸಬೇಡಿ. ಏರಿನಲ್ಲಿ ಅರ್ಧ ಕ್ಲಚ್ಚಿನಲ್ಲಿ ಗಾಡಿ ತಡೆದು ನಿಲ್ಲಿಸುವ ಅಭ್ಯಾಸವನ್ನು ಡ್ರೈವರ್‌ಗೆ ಹೇಳಿ ಬಿಡಿಸಿ, ಅದಕ್ಕೆ ಹ್ಯಾಂಡ್ ಬ್ರೇಕ್ ಇದೆ. ಆಟೊಮ್ಯಾಟಿಕ್ ಗಾಡಿಗೆ ಸಾಫ್ಟ್‌ವೇರ್ ಹಾಕಿದ್ದರೆ ಅದು ಹೊಸದಾಗಿ ಕಲಿತುಕೊಳ್ಳಬೇಕು, ಕೆಲವು ದಿನ ಗೇರ್ ಸ್ವಲ್ಪ ಒರಟಾಗಿ ಬೀಳಬಹುದು. ದಿನ ಹೋದಂತೆ ಕಡಿಮೆಯಾಗದೆ ಹೆಚ್ಚಾದರೆ ವಾಪಸ್ ಒಯ್ಯಿರಿ.

## ಹಂತ 11: ಸರಿಯಾಗದಿದ್ದರೆ

ಮೊದಲು ಸರ್ವೀಸ್ ಮ್ಯಾನೇಜರ್, ಆಮೇಲೆ ಕಂಪನಿಯ ಕಸ್ಟಮರ್ ಕೇರ್, ಎರಡೂ ಇ-ಮೇಲ್‌ನಲ್ಲಿ. ಜಾಬ್ ಕಾರ್ಡ್ ನಂಬರುಗಳು, ಪುಸ್ತಕದ ಪುಟಗಳ ಫೋಟೊ, ವಿಡಿಯೊ ಲಗತ್ತಿಸಿ. ಕೋಪದ ಮಾತು ಬರೆಯಬೇಡಿ, ತಾರೀಖು ಬರೆಯಿರಿ.

ಉತ್ತರ ಬರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದೂರು ದಾಖಲಿಸಿ. ಸುರಕ್ಷತೆಗೆ ಧಕ್ಕೆ ತರುವ ದೋಷವಾದರೆ ರಸ್ತೆ ಸಾರಿಗೆ ಸಚಿವಾಲಯದ ವಾಹನ್ ಪೋರ್ಟಲಿನಲ್ಲಿ ರೀಕಾಲ್ ದೂರು ಕೊಡುವ ವಿಭಾಗವಿದೆ. ಮೋಟಾರು ವಾಹನ ಕಾಯ್ದೆಯ 110ಎ ಕಲಮಿನಡಿ ಸರ್ಕಾರ ರೀಕಾಲ್‌ಗೆ ಆದೇಶ ಕೊಡಬಹುದು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ, 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತವೆ. ಒಂದೇ ದೋಷದ ದೂರುಗಳು ನಿಗದಿತ ಪ್ರಮಾಣ ಮುಟ್ಟಿದಾಗ ಕ್ರಮ ಶುರುವಾಗುವುದರಿಂದ, ಅದೇ ಮಾಡೆಲ್ ಇರುವ ನೆರೆಹೊರೆಯವರೂ ತಮ್ಮ ತಮ್ಮ ದೂರು ದಾಖಲಿಸಲಿ.

ಕೊನೆಯದು ಮಡಿಕೇರಿಯ ಜಿಲ್ಲಾ ಗ್ರಾಹಕರ ವ್ಯಾಜ್ಯ ಪರಿಹಾರ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗಾಡಿ ಕೊಂಡದ್ದು ಮೈಸೂರಿನಲ್ಲಾದರೂ. ಗಾಡಿಗೆ ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ, 10 ಲಕ್ಷದವರೆಗೆ 200 ರೂಪಾಯಿ, 20 ಲಕ್ಷದವರೆಗೆ 400 ರೂಪಾಯಿ. ದೂರಿಗೆ ಕಾರಣ ಹುಟ್ಟಿದ 2 ವರ್ಷದೊಳಗೆ ಹೋಗಬೇಕು.

ಪಿಕಪ್‌ನವರಿಗೆ ಇಲ್ಲಿ ಒಂದು ತೊಡಕಿದೆ. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಗ್ರಾಹಕರಲ್ಲ ಎಂದು ಕಾಯ್ದೆ ಹೇಳುತ್ತದೆ, ಕಂಪನಿಯ ವಕೀಲರು ಹಿಡಿಯುವುದೂ ಅದನ್ನೇ. ಆದರೆ ಸ್ವಂತ ದುಡಿಮೆಯಿಂದ ಜೀವನ ನಡೆಸಲೆಂದೇ ಕೊಂಡವರಿಗೆ ಅದೇ ಕಾಯ್ದೆಯಲ್ಲಿ ವಿನಾಯಿತಿ ಇದೆ. ಹಳದಿ ಬೋರ್ಡಿನ ಗಾಡಿಯಾದರೂ ನೀವೇ ಓಡಿಸಿ, ಅದರಿಂದಲೇ ಸಂಸಾರ ನಡೆಸುತ್ತಿದ್ದರೆ ದೂರಿನ ಮೊದಲ ಪುಟದಲ್ಲೇ ಆ ಮಾತು ಬರೆಯಬೇಕು, ಡ್ರೈವಿಂಗ್ ಲೈಸೆನ್ಸ್, ಸಾಲದ ಕಂತಿನ ದಾಖಲೆ ಜೊತೆಗಿಡಬೇಕು. ಮೂರು ನಾಲ್ಕು ಗಾಡಿ ಇಟ್ಟು ಡ್ರೈವರ್‌ಗಳಿಂದ ಓಡಿಸುವವರಿಗೆ ಈ ದಾರಿ ಕಷ್ಟ, ಅವರು ವಕೀಲರನ್ನು ಕೇಳಿಯೇ ಮುಂದುವರಿಯಲಿ.

ಜಾಬ್ ಕಾರ್ಡ್‌ಗಳನ್ನು ಗಾಡಿಯ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ಹೆಚ್ಚಿನ ವರ್ಕ್‌ಶಾಪುಗಳು ಕೊಡುವುದು ಬಿಸಿಗೆ ಅಕ್ಷರ ಮಾಸುವ ಅಥವಾ ಒದ್ದೆಯಾದರೆ ಶಾಯಿ ಹರಡುವ ಕಾಗದ. ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಒಂದು ವಾರ ಗಾಡಿಯೊಳಗಿದ್ದರೆ ಓದಲು ಏನೂ ಉಳಿಯುವುದಿಲ್ಲ. ಅದೇ ದಿನ ಫೋಟೊ ತೆಗೆದು, ಜೆರಾಕ್ಸ್ ಮಾಡಿಸಿ, ಮೂಲ ಪ್ರತಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಮನೆಯ ಬೀರುವಿನಲ್ಲಿಡಿ.